ತಿಮಿಂಗಿಲವನ್ನು ನೋಡಲು ಹೊರಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಲ ಜೀವಿಗಳ ವಸ್ತುಸಂಗ್ರಹಾಲಯಗಳ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಸಮುದ್ರದಿಂದ ಬಹಳ ದೂರದಲ್ಲಿರುವ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಬಾರಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ. ಕಡಲ ತೀರದವರಿಗೆ ಸತ್ತ ತಿಮಿಂಗಿಲವಾದರೂ ಎಂದಾದರೊಮ್ಮೆ ಕಣ್ಣಿಗೆ ಬೀಳಬಹುದು. ನಮ್ಮ ಕಡೆಯ ಮಕ್ಕಳಿಗೆ ಆ ಪ್ರಾಣಿಯ ನಿಜವಾದ ಗಾತ್ರ ಅರಿವಾಗಬೇಕಾದರೆ ವಸ್ತುಸಂಗ್ರಹಾಲಯವೊಂದೇ ದಾರಿ. ಆದ್ದರಿಂದ ಈ ಪ್ರಶ್ನೆಗಳಿಗೆ ಸಾವಧಾನವಾಗಿ ಉತ್ತರಿಸುವುದು ಅಗತ್ಯವೆನಿಸಿತು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರವನ್ನೇ ಕಂಡವರಲ್ಲ. ಈ ಸಲದ ಶೈಕ್ಷಣಿಕ ಪ್ರವಾಸದಲ್ಲಿ ಅವರಿಗೆ ತಿಮಿಂಗಿಲದ ನಿಜವಾದ ಅಸ್ಥಿಪಂಜರವನ್ನು ತೋರಿಸಬೇಕೆಂಬ ಆಸೆಯಿದೆ. ಎಲ್ಲಿಗೆ ಕರೆದೊಯ್ಯಬೇಕು, ಅಲ್ಲಿ ಏನನ್ನು ಗಮನಿಸಲು ಹೇಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಹೋದಲ್ಲೆಲ್ಲ ಮಕ್ಕಳು ಅರ್ಧ ಗಂಟೆಯಲ್ಲಿ ಇಡೀ ಕಟ್ಟಡವನ್ನು ಸುತ್ತಿ ಹೊರಬಂದುಬಿಡುತ್ತಾರೆ.
(ಶಿಕ್ಷಕಿ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ)

ಉತ್ತರ: ಮೇಡಂ, ನಿಮಗೆ ನನ್ನ ಮೊದಲ ಸಲಹೆ ಚೆನ್ನೈ. ಅಲ್ಲಿನ ಎಗ್ಮೋರ್‌ನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವು 1851ರಲ್ಲಿ ಆರಂಭವಾದ, ದೇಶದ ಅತ್ಯಂತ ಹಳೆಯ ವಸ್ತುಸಂಗ್ರಹಾಲಯಗಳಲ್ಲಿ ಒಂದು. ಅದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇರಿಸಿರುವ ದೊಡ್ಡ ತಿಮಿಂಗಿಲದ ಅಸ್ಥಿಪಂಜರ ನಮ್ಮ ಮಂಗಳೂರಿನ ಕರಾವಳಿಯಲ್ಲಿ ದಡ ಸೇರಿದ್ದ ಪ್ರಾಣಿಯದು. ಮಂಗಳೂರಿನ ತಿಮಿಂಗಿಲ ಮದರಾಸಿಗೇಕೆ ಹೋಯಿತೆಂದು ಮಕ್ಕಳು ಕೇಳಿದರೆ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತೆಂಬ ಇತಿಹಾಸವನ್ನೂ ಜೊತೆಗೇ ಹೇಳಬಹುದು. ಬಳ್ಳಾರಿಯೂ 1953ರವರೆಗೆ ಅದೇ ಆಡಳಿತದಲ್ಲಿತ್ತು. ಬಳ್ಳಾರಿಯ ಬೆಟ್ಟಗಳಲ್ಲಿ ಶಿಲಾಯುಗದ ಕೊಡಲಿಗಳನ್ನು ಹುಡುಕಿ ತೆಗೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಸಂಗ್ರಹವನ್ನು 1904ರಲ್ಲಿ ಕೊಂಡದ್ದೂ ಇದೇ ವಸ್ತುಸಂಗ್ರಹಾಲಯ. ರಾಯಚೂರು ಜಂಕ್ಷನ್ ಮುಂಬೈ–ಚೆನ್ನೈ ರೈಲುಮಾರ್ಗದಲ್ಲೇ ಇರುವುದರಿಂದ ನಿಮಗೆ ಪ್ರಯಾಣವೂ ಸುಲಭ. ಶುಕ್ರವಾರ ಅಲ್ಲಿ ವಾರದ ರಜೆಯೆಂಬುದನ್ನು ಮಾತ್ರ ಮರೆಯಬೇಡಿ. ಎಷ್ಟೋ ಶಾಲೆಗಳು ಭಾನುವಾರ ಅಥವಾ ಸೋಮವಾರದ ರಜೆಯನ್ನಷ್ಟೇ ಲೆಕ್ಕ ಹಾಕಿ ಹೊರಡುತ್ತವೆ.

ಪಶ್ಚಿಮದ ಕಡೆಗೆ ಹೋಗುವುದಾದರೆ ಮಹಾರಾಷ್ಟ್ರದ ರತ್ನಾಗಿರಿಯಲ್ಲಿರುವ ಸಾಗರ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಮತ್ಸ್ಯಾಲಯ ಮತ್ತು ಸಂಗ್ರಹಾಲಯದಲ್ಲಿಯೂ ದೊಡ್ಡ ತಿಮಿಂಗಿಲದ ಅಸ್ಥಿಪಂಜರವಿದೆ. ನಮ್ಮ ರಾಜ್ಯದೊಳಗೇ ಉಳಿಯಬೇಕೆಂದರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದ್ದು, ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು ಹೋದರೆ ಮಕ್ಕಳಿಗೆ ಕಡಲ ಜೀವಿಗಳನ್ನು ಬಲ್ಲವರೊಡನೆ ಮಾತನಾಡುವ ಅವಕಾಶ ದೊರೆಯಬಹುದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ. ಇಡೀ ಕಟ್ಟಡವನ್ನು ತೋರಿಸಬೇಕೆಂಬ ಹಟವನ್ನು ಬಿಟ್ಟು, ತಿಮಿಂಗಿಲವೊಂದರ ಮುಂದೆಯೇ ಒಂದು ಗಂಟೆ ಕಳೆಯುವುದೆಂದು ಮೊದಲೇ ನಿರ್ಧರಿಸಿಕೊಂಡು ಹೋಗಿ. ಮಕ್ಕಳನ್ನು ನಾಲ್ಕಾರು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಅಸ್ಥಿಪಂಜರದ ಒಂದೊಂದು ಭಾಗವನ್ನು ವಹಿಸಿ, ನೋಡಿದ್ದನ್ನು ಚಿತ್ರ ಬರೆದುಕೊಳ್ಳಲು ಹೇಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ ಮಗು ಆ ಮೂಳೆಯನ್ನು ಒಂದು ಕ್ಷಣ ಮಾತ್ರ ನೋಡಿರುತ್ತದೆ. ಪೆನ್ಸಿಲ್ ಹಿಡಿದು ಚಿತ್ರ ಬರೆದ ಮಗು ಅದರ ಬಾಗು, ದಪ್ಪ, ಕೀಲುಗಳನ್ನೆಲ್ಲ ನೋಡಲೇಬೇಕಾಗುತ್ತದೆ.

ಮೊದಲು ಮುಂಭಾಗದ ಈಜುರೆಕ್ಕೆಯ ಬಳಿ ನಿಲ್ಲಿಸಿ. ಹೊರಗಿನಿಂದ ಹುಟ್ಟಿನ ಆಕಾರದಲ್ಲಿ ಕಾಣುವ ಆ ರೆಕ್ಕೆಯೊಳಗೆ ತೋಳಿನ ಒಂದು ಮೂಳೆ, ಮುಂಗೈಯ ಎರಡು ಮೂಳೆಗಳು, ಮಣಿಕಟ್ಟು ಹಾಗೂ ಸಾಲುಸಾಲಾಗಿ ಬೆರಳಿನ ಮೂಳೆಗಳು ಇರುತ್ತವೆ. ತಮ್ಮ ಕೈಯನ್ನೇ ಪಕ್ಕಕ್ಕೆ ಹಿಡಿದು ಮಕ್ಕಳು ಹೋಲಿಸಿ ನೋಡಲಿ. ನಮ್ಮ ಬೆರಳಿನಲ್ಲಿ ಮೂರು ಗೆಣ್ಣುಗಳಿದ್ದರೆ ತಿಮಿಂಗಿಲದ ಕೆಲವು ಬೆರಳುಗಳಲ್ಲಿ ಅದಕ್ಕಿಂತ ಹೆಚ್ಚು ಇರುತ್ತವೆ. ಯಾವ ಮೀನಿನ ಈಜುರೆಕ್ಕೆಯಲ್ಲಿಯೂ ಇಂಥ ಕೈ ಇರುವುದಿಲ್ಲ. ತಿಮಿಂಗಿಲ ಮೀನಲ್ಲ, ಹಾಲೂಡಿಸುವ ಪ್ರಾಣಿ ಎಂಬ ಪಠ್ಯಪುಸ್ತಕದ ಸಾಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಳಿಕ ಬೆನ್ನೆಲುಬಿನ ಹಿಂಭಾಗಕ್ಕೆ ಬನ್ನಿ. ಹಿಂಗಾಲುಗಳು ಇರಬೇಕಿದ್ದ ಜಾಗದಲ್ಲಿ, ಬೆನ್ನೆಲುಬಿಗೆ ಅಂಟಿಕೊಳ್ಳದೆ ತಂತಿಯಲ್ಲಿ ತೂಗುಬಿಟ್ಟ ಎರಡು ಸಣ್ಣ ಮೂಳೆಗಳು ಕಾಣಬಹುದು. ಎಷ್ಟೋ ಕಡೆ ಇವು ಜೋಡಣೆಯ ಹೊತ್ತಿಗೆ ಕಳೆದುಹೋಗಿರುವುದೂ ಉಂಟು. ಅವು ಸೊಂಟದ ಮೂಳೆಗಳ ಉಳಿಕೆ. ನೆಲದ ಮೇಲೆ ನಾಲ್ಕು ಕಾಲುಗಳಲ್ಲಿ ನಡೆದಾಡಿದ ಪೂರ್ವಜರ ಗುರುತು ಅದು. ಆದರೆ ಅವನ್ನು ನಿರುಪಯುಕ್ತವೆಂದು ಹೇಳಬೇಡಿ. ಸಂತಾನೋತ್ಪತ್ತಿಯ ಅಂಗಗಳ ಸ್ನಾಯುಗಳಿಗೆ ಅವು ಇಂದಿಗೂ ಆಧಾರವಾಗಿವೆ.

ಅಸ್ಥಿಪಂಜರದಲ್ಲಿ ಏನು ಇಲ್ಲ ಎಂಬುದನ್ನೂ ಮಕ್ಕಳು ಗಮನಿಸಬೇಕು. ಅಗಲವಾದ ಬಾಲದ ರೆಕ್ಕೆಗಳಿಗಾಗಲಿ ಬೆನ್ನಿನ ಮೇಲಿನ ರೆಕ್ಕೆಗಾಗಲಿ ಮೂಳೆಯೇ ಇಲ್ಲದ ಕಾರಣ, ಸಂಗ್ರಹಾಲಯದ ತಿಮಿಂಗಿಲವು ಸಣ್ಣಗಾಗುತ್ತ ಹೋಗುವ ಮಣಿಮೂಳೆಗಳಲ್ಲಿ ಮುಗಿದುಹೋಗಿ, ಚಿತ್ರಪುಸ್ತಕದ ತಿಮಿಂಗಿಲಕ್ಕಿಂತ ಬೇರೆಯದೇ ಪ್ರಾಣಿಯಂತೆ ತೋರುತ್ತದೆ. ನೀಲಿ ತಿಮಿಂಗಿಲದಂಥ ಹಲ್ಲಿಲ್ಲದ ತಿಮಿಂಗಿಲಗಳ ಬಾಯಲ್ಲಿ ನೀರನ್ನು ಸೋಸಿ ಆಹಾರ ಹಿಡಿಯುವ ಪಟ್ಟಿಗಳಿರುತ್ತವೆ. ಅವು ನಮ್ಮ ಉಗುರಿನ ವಸ್ತುವಿನಿಂದಲೇ ಆದವು. ತಲೆಬುರುಡೆಯಿಂದ ಕಳಚಿಬೀಳುವುದರಿಂದ ಅವನ್ನು ಬಹುತೇಕ ಬೇರೆ ಪೆಟ್ಟಿಗೆಯಲ್ಲಿ ಇರಿಸಿರುತ್ತಾರೆ. ಮೂಗಿನ ರಂಧ್ರ ಎಲ್ಲಿದೆಯೆಂದು ಹುಡುಕಲು ಹೇಳಿ. ಮೂತಿಯ ತುದಿಯಲ್ಲಿ ಹುಡುಕಿದ ಮಕ್ಕಳಿಗೆ ಅದು ಸಿಗುವುದಿಲ್ಲ. ನೀರಿನ ಮೇಲೆ ತಲೆಯ ತುದಿಯನ್ನಷ್ಟೇ ಚಾಚಿ ಉಸಿರೆಳೆದುಕೊಳ್ಳುವ ಪ್ರಾಣಿಗೆ ಮೂಗು ನೆತ್ತಿಯ ಕಡೆಗೆ ಸರಿದಿರುತ್ತದೆ.

ಪ್ರಶ್ನೆ: ಇಂಥ ಅಸ್ಥಿಪಂಜರಗಳು ನಿಜವಾದ ಮೂಳೆಗಳೇ ಅಥವಾ ಅಚ್ಚು ಹೊಯ್ದು ಮಾಡಿದವೇ? ನಿಜವಾದವಾದರೆ, ಅಷ್ಟು ದೊಡ್ಡ ಪ್ರಾಣಿಯಿಂದ ಮೂಳೆಗಳನ್ನು ಬೇರ್ಪಡಿಸುವುದು ಹೇಗೆ?
(ಪದವಿ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಎರಡೂ ಬಗೆಯವು ಇವೆ. ನ್ಯೂಯಾರ್ಕಿನ ಅಮೆರಿಕನ್ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಚಾವಣಿಯಿಂದ ತೂಗುಬಿಟ್ಟಿರುವ 94 ಅಡಿಯ ಪ್ರಸಿದ್ಧ ನೀಲಿ ತಿಮಿಂಗಿಲವು ಫೈಬರ್‌ಗ್ಲಾಸಿನ ಮಾದರಿ. ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ಮುಖ್ಯ ಸಭಾಂಗಣದಲ್ಲಿ 2017ರಿಂದ ತೂಗುತ್ತಿರುವ 25.2 ಮೀಟರ್ ಉದ್ದದ ನೀಲಿ ತಿಮಿಂಗಿಲವು ನಿಜವಾದ ಮೂಳೆಗಳದು. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ಮರಳದಿಬ್ಬಕ್ಕೆ ಸಿಲುಕಿದ ಹೆಣ್ಣು ತಿಮಿಂಗಿಲ ಅದು. ಮಾದರಿ ಆ ಪ್ರಾಣಿಯ ಹೊರ ಆಕಾರವನ್ನು ತೋರಿಸುತ್ತದೆ, ಮೂಳೆ ಅದರ ಬದುಕನ್ನು ದಾಖಲಿಸಿಟ್ಟಿರುತ್ತದೆ; ಎರಡರಲ್ಲಿ ಒಂದನ್ನೇ ನೋಡುವ ಅವಕಾಶವಿದ್ದರೆ ನಾನು ಮೂಳೆಯನ್ನೇ ಆರಿಸಿಕೊಳ್ಳುತ್ತೇನೆ.

ದಡಕ್ಕೆ ಬಿದ್ದ ದೊಡ್ಡ ತಿಮಿಂಗಿಲದ ದೇಹ ಬೇಗನೆ ಕೊಳೆಯತೊಡಗುತ್ತದೆ. ಚರ್ಮದ ಕೆಳಗಿನ ದಪ್ಪ ಕೊಬ್ಬಿನ ಪದರ ದೇಹದ ಶಾಖವನ್ನು ಹೊರಹೋಗಲು ಬಿಡದ ಕಾರಣ ಒಳಗಿನ ಅಂಗಾಂಗಗಳು ಮೊದಲೇ ಕೆಡುತ್ತವೆ, ಅನಿಲ ತುಂಬಿಕೊಳ್ಳುತ್ತದೆ. ಉದ್ದನೆಯ ಚಾಕುಗಳಿಂದ ಕೊಬ್ಬು ಮತ್ತು ಮಾಂಸವನ್ನು ಆದಷ್ಟು ಕತ್ತರಿಸಿ ತೆಗೆದ ಮೇಲೆ, ಮೂಳೆಗಳಿಗೆ ಸಂಖ್ಯೆ ಹಾಕಿ, ಮರಳಿನಲ್ಲಿ ಅಥವಾ ಗೊಬ್ಬರದಲ್ಲಿ ಹೂತಿಡುವುದು ಹಳೆಯ ಮತ್ತು ಇಂದಿಗೂ ಬಳಕೆಯಲ್ಲಿರುವ ವಿಧಾನ. ಮಣ್ಣಿನ ಸೂಕ್ಷ್ಮಜೀವಿಗಳು ಉಳಿದ ಮಾಂಸವನ್ನು ತಿಂದು ಮುಗಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ನೀರಿನಲ್ಲಿ ನೆನೆಹಾಕಿ ಕೊಳೆಸುವುದೂ ಇನ್ನೊಂದು ಕ್ರಮ.

ಅತ್ಯಂತ ಕಷ್ಟದ ಕೆಲಸ ಮೂಳೆಯೊಳಗಿನ ಎಣ್ಣೆಯನ್ನು ತೆಗೆಯುವುದು. ತಿಮಿಂಗಿಲದ ಮೂಳೆಗಳು ರಂಧ್ರಮಯವಾಗಿದ್ದು ಎಣ್ಣೆಯಿಂದ ತುಂಬಿರುತ್ತವೆ. ಅಮೆರಿಕದ ನ್ಯೂ ಬೆಡ್‌ಫರ್ಡ್ ತಿಮಿಂಗಿಲ ಬೇಟೆ ವಸ್ತುಸಂಗ್ರಹಾಲಯದಲ್ಲಿರುವ ಎಳೆಯ ನೀಲಿ ತಿಮಿಂಗಿಲವೊಂದು 1998ರಲ್ಲಿ ಸತ್ತದ್ದು. ವರ್ಷಗಟ್ಟಲೆ ಕಳೆದರೂ ಅದರ ಮೂಳೆಗಳಿಂದ ಎಣ್ಣೆ ಜಿನುಗುತ್ತಲೇ ಇದ್ದು, ಅದನ್ನು ಹಿಡಿಯಲು ಪಾತ್ರೆಯನ್ನೇ ಜೋಡಿಸಿಟ್ಟಿದ್ದಾರೆ. ಆದ್ದರಿಂದ ಯಾವುದೇ ಸಂಗ್ರಹಾಲಯದಲ್ಲಿ ಮೂಳೆಯ ಮೇಲೆ ಕಂದು ಕಲೆಗಳು ಕಂಡರೆ ಅದನ್ನು ನಿರ್ವಹಣೆಯ ಲೋಪವೆಂದು ಕೂಡಲೇ ತೀರ್ಮಾನಿಸಬೇಡಿ.

ಹಳೆಯ ಮೂಳೆಗಳಿಗೆ ಬೆಲೆ ಎಷ್ಟೆಂಬುದಕ್ಕೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಒಳ್ಳೆಯ ಉದಾಹರಣೆ. 1871ರಲ್ಲಿ ಬರ್ಮಾದ ಮಾರ್ತಬಾನ್ ಕೊಲ್ಲಿಯಿಂದ ಒಂದು ತಿಮಿಂಗಿಲ ಸಣ್ಣ ಹಳ್ಳದ ಹರಿವಿನೊಳಗೆ ನುಗ್ಗಿ ಬಂದು ಸತ್ತಿತು. ಅದರ ಮೂಳೆಗಳನ್ನು ಅಭ್ಯಸಿಸಿದ ಜಾನ್ ಆಂಡರ್ಸನ್, 1879ರಲ್ಲಿ ಅದು ಬೇರೆಯದೇ ಪ್ರಭೇದವೆಂದು ಪ್ರಕಟಿಸಿ, ಬರ್ಮಾದ ಚೀಫ್ ಕಮಿಷನರ್ ಆಗಿದ್ದ ಆಶ್ಲೆ ಈಡನ್ ಅವರ ಹೆಸರಿನಿಂದ ಅದಕ್ಕೆ ಬಾಲೆನಾಪ್ಟೆರಾ ಈಡೆನೈ ಎಂದು ಹೆಸರಿಟ್ಟರು. ಬ್ರೈಡ್ ತಿಮಿಂಗಿಲವೆಂದು ಕರೆಯಲಾಗುವ ಗುಂಪಿನಲ್ಲಿ ಯಾವುದು ಯಾವ ಪ್ರಭೇದ ಎಂಬ ಚರ್ಚೆ ಎದ್ದಾಗಲೆಲ್ಲ ವಿಜ್ಞಾನಿಗಳು ಮರಳಿ ನೋಡಬೇಕಾದ ಮೂಲ ಮಾದರಿ ಅದೇ.

ಪ್ರಶ್ನೆ: ನೀಲಿ ತಿಮಿಂಗಿಲದ ಹೃದಯವು ಕಾರಿನಷ್ಟು ದೊಡ್ಡದು, ಅದರ ರಕ್ತನಾಳದೊಳಗೆ ಮನುಷ್ಯ ಈಜಬಹುದು ಎಂದು ವಾಟ್ಸಾಪಿನಲ್ಲಿ ಓದಿದೆ. ನಿಜವೇ?
(ಓದುಗರು, ಸಿರುಗುಪ್ಪ)

ಉತ್ತರ: ನಿಜವಲ್ಲ. 2014ರಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡ್ ತೀರಕ್ಕೆ ಬಂದ ಸತ್ತ ನೀಲಿ ತಿಮಿಂಗಿಲವೊಂದರ ಹೃದಯವನ್ನು ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನವರು ಹೊರತೆಗೆದು ಸಂರಕ್ಷಿಸಿ, 2017ರಲ್ಲಿ ಪ್ರದರ್ಶನಕ್ಕಿಟ್ಟರು. ಅದರ ತೂಕ ಸುಮಾರು 180 ಕಿಲೋಗ್ರಾಂ. ಅಷ್ಟೇ ದೊಡ್ಡದಾದರೂ ಅದೊಂದು ಅದ್ಭುತವೇ ಸರಿ, ಅದಕ್ಕೆ ಇಲ್ಲದ ಗಾತ್ರವನ್ನು ಸೇರಿಸುವ ಅಗತ್ಯವಿಲ್ಲ. ಅದರ ಮಹಾಪಧಮನಿಯಲ್ಲಿ ಹೆಚ್ಚೆಂದರೆ ಮನುಷ್ಯನ ತಲೆ ಹಿಡಿಸೀತು, ಈಜುವುದು ಸಾಧ್ಯವಿಲ್ಲ.

ಪ್ರಶ್ನೆ: ನಮ್ಮ ಸಂಡೂರಿನ ಗುಡ್ಡಗಳು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವು ಎಂದು ಹಿರಿಯರೊಬ್ಬರು ಹೇಳುತ್ತಾರೆ. ಹಾಗಿದ್ದರೆ ಇಲ್ಲಿ ಅಗೆದರೆ ತಿಮಿಂಗಿಲದ ಮೂಳೆಗಳು ಸಿಗಬಹುದೇ? ಸಿಕ್ಕರೆ ಇಲ್ಲೇ ಒಂದು ವಸ್ತುಸಂಗ್ರಹಾಲಯ ಮಾಡಬಹುದಲ್ಲವೇ?
(ಗಣಿ ನೌಕರರು, ಸಂಡೂರು, ಬಳ್ಳಾರಿ ಜಿಲ್ಲೆ)

ಉತ್ತರ: ಹಿರಿಯರು ಹೇಳಿದ್ದರಲ್ಲಿ ಸತ್ಯವಿದೆ. ನೀವು ದಿನನಿತ್ಯ ನೋಡುವ ಕಬ್ಬಿಣದ ಅದಿರಿನ ಮೂಲಶಿಲೆ ಸಮುದ್ರದಲ್ಲೇ ಹುಟ್ಟಿದ್ದು. ಪ್ರಾಚೀನ ಸಾಗರದ ನೀರಿನಲ್ಲಿ ಕರಗಿದ್ದ ಕಬ್ಬಿಣವು ತಳಕ್ಕಿಳಿದು, ಸಿಲಿಕಾ ಪದರಗಳೊಂದಿಗೆ ಒಂದರ ಮೇಲೊಂದು ಕೂತು ಪಟ್ಟೆಪಟ್ಟೆಯ ಶಿಲೆಯಾಯಿತು. ಸಂಡೂರು ಶಿಲಾವಲಯದಲ್ಲಿ ನೀರಿನಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದ ಲಾವಾದ ಗುರುತುಗಳೂ ಇವೆ. ಆದರೆ ಆ ಸಾಗರದ ವಯಸ್ಸನ್ನು ಗಮನಿಸಿ: ಅದು ಸುಮಾರು 270 ಕೋಟಿ ವರ್ಷಗಳ ಹಿಂದಿನದು. ಆಗ ಭೂಮಿಯ ಮೇಲೆ ಮೀನೂ ಇರಲಿಲ್ಲ, ಕಪ್ಪೆಚಿಪ್ಪೂ ಇರಲಿಲ್ಲ; ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ಇದ್ದವು. ತಿಮಿಂಗಿಲಗಳ ಪೂರ್ವಜರು ನೀರಿಗಿಳಿದದ್ದು ಸುಮಾರು ಐದು ಕೋಟಿ ವರ್ಷಗಳ ಹಿಂದೆ. ಹಾಗಾಗಿ ಸಂಡೂರಿನ ಶಿಲೆಯಲ್ಲಿ ತಿಮಿಂಗಿಲ ಸಿಗಲಾರದು.

ಸಿಗುವ ಜಾಗಗಳು ನಮ್ಮ ದೇಶದಲ್ಲೇ ಇವೆ. ಗುಜರಾತಿನ ಕಚ್ಛ್‌ನಲ್ಲಿ ಪ್ರಾಚೀನ ತಿಮಿಂಗಿಲಗಳ ಪಳೆಯುಳಿಕೆಗಳು ದೊರೆತಿವೆ. ಕುಚ್ಚಿಸೀಟಸ್ ಎಂಬ ಪ್ರಾಣಿಗೆ ಆ ನೆಲದ ಹೆಸರೇ ಬಂದಿದೆ. ಅದಕ್ಕಿಂತಲೂ ನನ್ನನ್ನು ಹೆಚ್ಚು ತಟ್ಟಿದ್ದು ಜಮ್ಮು–ಕಾಶ್ಮೀರದ ಕಾಲಾಕೋಟ್‌ನ ಕಥೆ. ಭೂವಿಜ್ಞಾನಿ ಎ. ರಂಗರಾವ್ ಅವರು ಅಲ್ಲಿಂದ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ತಂದಿಟ್ಟುಕೊಂಡಿದ್ದರು. ಅವರ ನಿಧನದ ನಂತರ ಅವರ ಪತ್ನಿ ಆ ಕಲ್ಲುಗಳನ್ನು ಜತನದಿಂದ ಕಾಪಾಡಿ, ಅಮೆರಿಕದಲ್ಲಿದ್ದ ವಿಜ್ಞಾನಿ ಹಾನ್ಸ್ ಥೆವಿಸೆನ್ ಅವರಿಗೆ ಒಪ್ಪಿಸಿದರು. ಕಲ್ಲಿನೊಳಗಿಂದ ಹೊರಬಂದದ್ದು ಇಂಡೋಹಯಸ್ ಎಂಬ, ಬೆಕ್ಕಿನಷ್ಟು ಗಾತ್ರದ ಗೊರಸಿನ ಪ್ರಾಣಿ. ಅದರ ಕಿವಿಯ ಮೂಳೆಯ ಒಳಗೋಡೆಯು ತಿಮಿಂಗಿಲಗಳಲ್ಲಿ ಮಾತ್ರ ಕಾಣುವ ರೀತಿಯಲ್ಲಿ ದಪ್ಪನಾಗಿತ್ತು. 2007ರಲ್ಲಿ ಈ ಸಂಶೋಧನೆ ಪ್ರಕಟವಾದಾಗ, ತಿಮಿಂಗಿಲಗಳ ಅತ್ಯಂತ ಹತ್ತಿರದ ನೆಲದ ಬಂಧು ಸುಮಾರು 4.8 ಕೋಟಿ ವರ್ಷಗಳ ಹಿಂದೆ ಭಾರತದ ನೆಲದಲ್ಲಿ ಓಡಾಡುತ್ತಿತ್ತೆಂಬುದು ಜಗತ್ತಿಗೆ ತಿಳಿಯಿತು. ಮನೆಯವರು ಆ ಕಲ್ಲುಗಳನ್ನು ಕಸವೆಂದು ಎಸೆದಿದ್ದರೆ ಈ ಕೊಂಡಿಯೇ ನಮಗೆ ಸಿಗುತ್ತಿರಲಿಲ್ಲ.

ಇನ್ನು ವಸ್ತುಸಂಗ್ರಹಾಲಯದ ಮಾತು. ಬಳ್ಳಾರಿಯಲ್ಲಿ ಸಂಗನಕಲ್ಲಿನ ಶಿಲಾಯುಗದ ನೆಲೆಗಳ ಕುರಿತ ವಸ್ತುಸಂಗ್ರಹಾಲಯವು ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿಯೇ ಇದೆ. ಸಂಡೂರಿನ ಪಟ್ಟೆಶಿಲೆಯ ಒಂದು ದೊಡ್ಡ ತುಂಡನ್ನು, ಅದು ಕಡಲಲ್ಲಿ ಹುಟ್ಟಿದ ಬಗೆಯ ವಿವರಣೆಯೊಡನೆ, ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲೂ ಇರಿಸಬೇಕೆಂದು ನಾನು ಬಯಸುತ್ತೇನೆ. ಟನ್‌ಗಟ್ಟಲೆ ಅದಿರು ಲಾರಿಗಳಲ್ಲಿ ಹೊರಗೆ ಹೋಗಿರುವ ಊರಿನಲ್ಲಿ, ಅದು ಏನೆಂದು ಮಕ್ಕಳಿಗೆ ತಿಳಿಸಲು ಒಂದು ತುಂಡನ್ನಾದರೂ ಉಳಿಸಿಕೊಳ್ಳಬೇಕು.

ಪ್ರಶ್ನೆ: ಪ್ರವಾಸಕ್ಕೆ ಹೋದಾಗ ತಿಮಿಂಗಿಲದ ಮೂಳೆಗಳನ್ನು ಕಂಡ ನನ್ನ ಎಂಟು ವರ್ಷದ ಮಗಳು, "ಅಮ್ಮಾ, ಇದನ್ನು ಇಲ್ಲಿ ಇಡೋದಕ್ಕಾಗಿಯೇ ಸಾಯಿಸಿದರಾ?" ಎಂದು ಅತ್ತಳು. ನನಗೆ ಉತ್ತರ ತೋಚಲಿಲ್ಲ. ಅವಳಿಗೆ ಏನು ಹೇಳಲಿ?
(ಗೃಹಿಣಿ, ಕೊಪ್ಪಳ)

ಉತ್ತರ: ತಾಯಿ, ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ನಿಜವನ್ನೇ ಹೇಳಿ. ನಮ್ಮ ದೇಶದ ಸಂಗ್ರಹಾಲಯಗಳಲ್ಲಿ ಇಂದು ಕಾಣುವ ದೊಡ್ಡ ತಿಮಿಂಗಿಲಗಳಲ್ಲಿ ಹೆಚ್ಚಿನವು ದಾರಿ ತಪ್ಪಿ, ಕಾಯಿಲೆಯಿಂದ ಅಥವಾ ಬೇರೆ ಕಾರಣದಿಂದ ದಡಕ್ಕೆ ಬಂದು ಬಿದ್ದವು. ಸಂಗ್ರಹಾಲಯದವರು ಆ ಮೂಳೆಗಳನ್ನು ಎತ್ತಿಡದಿದ್ದರೆ ಅವು ಮರಳಿನಲ್ಲಿ ಮಣ್ಣಾಗಿ ಹೋಗುತ್ತಿದ್ದವು. ಹಾಗೆಂದು ಮನುಷ್ಯರು ತಿಮಿಂಗಿಲಗಳನ್ನು ಕೊಂದೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಲಂಡನ್ನಿನಲ್ಲಿರುವ, ನಾನು ಮೇಲೆ ಹೇಳಿದ ನೀಲಿ ತಿಮಿಂಗಿಲವು ಜೀವಂತವಾಗಿಯೇ ದಿಬ್ಬಕ್ಕೆ ಸಿಲುಕಿತ್ತು. ಅದನ್ನು ಕೊಂದ ನಂತರವೇ ಅದರ ಮೂಳೆಗಳು ಮಾರಾಟವಾದವು.

ಬೇಟೆಯ ಲೆಕ್ಕ ಇನ್ನೂ ಘೋರವಾದದ್ದು. ಇಪ್ಪತ್ತನೆಯ ಶತಮಾನವೊಂದರಲ್ಲೇ ಕೈಗಾರಿಕಾ ಬೇಟೆಯಿಂದ ಸುಮಾರು 29 ಲಕ್ಷ ತಿಮಿಂಗಿಲಗಳು ಸತ್ತವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಎಣ್ಣೆಗಾಗಿ, ಮಾಂಸಕ್ಕಾಗಿ, ಸೋಪು ಮತ್ತು ಕೃತಕ ಬೆಣ್ಣೆಗಾಗಿ ಅವನ್ನು ಕೊಂದರು. ನಮ್ಮ ಅರಬ್ಬೀ ಸಮುದ್ರದಲ್ಲಿ ವರ್ಷವಿಡೀ ಅಲ್ಲೇ ಉಳಿಯುವ ಗೂನುಬೆನ್ನಿನ ತಿಮಿಂಗಿಲಗಳ ಒಂದು ಪ್ರತ್ಯೇಕ ಸಮೂಹವಿದೆ. ಬೇರೆ ಸಾಗರಗಳ ಅದೇ ಪ್ರಭೇದದ ತಿಮಿಂಗಿಲಗಳು ಧ್ರುವದ ಕಡೆಗೆ ವಲಸೆ ಹೋದರೆ ಇವು ಹೋಗುವುದಿಲ್ಲ. 1966ರಲ್ಲಿ ಸೋವಿಯತ್ ಹಡಗುಗಳು ಈ ಚಿಕ್ಕ ಸಮೂಹದ ಇನ್ನೂರಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕಾನೂನುಬಾಹಿರವಾಗಿ ಕೊಂದವು. ಆ ಸಮೂಹ ಇಂದಿಗೂ ಚೇತರಿಸಿಕೊಂಡಿಲ್ಲ; ಓಮಾನ್ ಕರಾವಳಿಯಲ್ಲಿ ಉಳಿದಿರುವುದು ನೂರಕ್ಕೂ ಕಡಿಮೆ ಎಂಬ ಅಂದಾಜಿದೆ.

ಇನ್ನು ಅವಳಿಗೆ ಸಮಾಧಾನ ನೀಡಬಲ್ಲ ಸಂಗತಿಗಳು. ಹಿಂದೂ ಮಹಾಸಾಗರವನ್ನು 1979ರಲ್ಲಿ ತಿಮಿಂಗಿಲಗಳ ಅಭಯಧಾಮವೆಂದು ಸಾರಲಾಯಿತು. ವಾಣಿಜ್ಯ ಬೇಟೆಗೆ 1986ರಿಂದ ಅಂತರರಾಷ್ಟ್ರೀಯ ತಡೆ ಜಾರಿಗೆ ಬಂತು. ಕೆಲವು ದೇಶಗಳು ಇನ್ನೂ ಬೇಟೆಯಾಡುತ್ತವೆಯಾದರೂ ಎಷ್ಟೋ ಸಾಗರಗಳಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಸಂಖ್ಯೆ ಮತ್ತೆ ಏರಿದೆ. ಸತ್ತ ತಿಮಿಂಗಿಲವನ್ನು ಜೋಪಾನವಾಗಿಟ್ಟದ್ದರಿಂದ ಬದುಕಿರುವ ತಿಮಿಂಗಿಲಗಳಿಗೆ ಉಪಕಾರವಾದದ್ದೂ ಉಂಟು. ಹಲ್ಲಿಲ್ಲದ ತಿಮಿಂಗಿಲಗಳ ಕಿವಿಯಲ್ಲಿ ಜೀವಮಾನವಿಡೀ ಗುಗ್ಗೆ ಪದರಪದರವಾಗಿ ಶೇಖರವಾಗುತ್ತದೆ. ಸಂಗ್ರಹಾಲಯಗಳು ದಶಕಗಳ ಕಾಲ ಕಾಪಾಡಿಕೊಂಡು ಬಂದಿದ್ದ ಇಂಥ ಗಟ್ಟಿಗಳನ್ನೂ ಬಳಸಿಕೊಂಡು ವಿಜ್ಞಾನಿಗಳು ಪದರಗಳಲ್ಲಿನ ಹಾರ್ಮೋನನ್ನು ಅಳೆದಾಗ, ಬೇಟೆ ಉತ್ತುಂಗದಲ್ಲಿದ್ದ 1960ರ ದಶಕದಲ್ಲಿ ತಿಮಿಂಗಿಲಗಳ ದೇಹದ ಒತ್ತಡವೂ ಅತಿ ಹೆಚ್ಚಾಗಿತ್ತೆಂಬುದು 2018ರಲ್ಲಿ ಬೆಳಕಿಗೆ ಬಂತು. ಬೇಟೆಗೆ ಸಿಗದೆ ಬದುಕಿದವೂ ಆ ಭಯವನ್ನು ಅನುಭವಿಸಿದ್ದವು ಎಂಬುದಕ್ಕೆ ಇದು ದಾಖಲೆ. ನಿಮ್ಮ ಮಗಳು ಇನ್ನಷ್ಟು ದೊಡ್ಡವಳಾದಾಗ ಇದನ್ನೂ ಅವಳಿಗೆ ಹೇಳಿ.

ಪ್ರಶ್ನೆ: ಸಂಗ್ರಹಾಲಯಕ್ಕೆ ಹೋಗುವಷ್ಟು ಹಣ ನಮ್ಮ ಹಳ್ಳಿ ಶಾಲೆಯ ಮಕ್ಕಳ ಬಳಿ ಇಲ್ಲ. ಇಲ್ಲೇ ಏನಾದರೂ ಮಾಡಲು ಸಾಧ್ಯವೇ? ಗೋವಾದಿಂದ ಶಂಖ, ಹವಳ ಮುಂತಾದವನ್ನು ತಂದು ಶಾಲೆಯಲ್ಲಿ ಸಣ್ಣ ಸಂಗ್ರಹ ಮಾಡೋಣವೆಂದು ಯುವಕರು ಹೇಳುತ್ತಿದ್ದಾರೆ.
(ಎಸ್‌ಡಿಎಂಸಿ ಸದಸ್ಯರು, ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ)

ಉತ್ತರ: ಹವಳವನ್ನು ತರಬೇಡಿ. ಹವಳಗಳು, ಕೆಲವು ಬಗೆಯ ಶಂಖ–ಚಿಪ್ಪುಗಳು, ಕಡಲ ಸೌತೆ, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧವಾಗುತ್ತದೆ. ಶಾಲೆಯ ಒಳ್ಳೆಯ ಉದ್ದೇಶವು ಮಕ್ಕಳ ಮುಂದೆಯೇ ಕಾನೂನು ಮುರಿಯುವ ಕೆಲಸವಾಗಬಾರದು.

ಬದಲಿಗೆ ನಿಮ್ಮ ಆಟದ ಮೈದಾನದಲ್ಲಿ ಒಂದು ನೀಲಿ ತಿಮಿಂಗಿಲವನ್ನು ನಿಜವಾದ ಅಳತೆಯಲ್ಲಿ ಬರೆಯಿರಿ. ಹಗ್ಗ, ಗೂಟ, ಅಳತೆಯ ಟೇಪು ಮತ್ತು ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ಇದ್ದರೆ ಸಾಕು. ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರ್; ಅಂಥ ಎರಡು ಅಂಕಣಗಳನ್ನು ಉದ್ದಕ್ಕೆ ಜೋಡಿಸಿದರೆ ಲಂಡನ್ನಿನ ತಿಮಿಂಗಿಲ ಹೆಚ್ಚುಕಡಿಮೆ ಅದರ ತುಂಬ ಮಲಗುತ್ತದೆ. ಮೊದಲು 25 ಮೀಟರಿನ ನೇರ ಗೆರೆ ಎಳೆದುಕೊಳ್ಳಿ. ತಲೆಗೆ ಅದರ ಕಾಲು ಭಾಗ, ಎಂದರೆ ಸುಮಾರು 6 ಮೀಟರ್ ಬಿಡಿ. ಬಾಯಿಯ ಮೂಲೆಯ ಹತ್ತಿರವೇ ಸಣ್ಣ ಕಣ್ಣು. ಈಜುರೆಕ್ಕೆಗೆ ಸುಮಾರು 3 ಮೀಟರ್ ಇರಲಿ. ಬೆನ್ನಿನ ರೆಕ್ಕೆ ಬಹಳ ಚಿಕ್ಕದು, ಅದು ಮುಕ್ಕಾಲು ದೇಹ ದಾಟಿದ ಮೇಲೆ ಬರಬೇಕು. ಬಾಲದ ಅಗಲ ತಲೆಯ ಉದ್ದಕ್ಕೆ ಸಮೀಪವಾಗಿರಲಿ. ಪಕ್ಕದಲ್ಲಿ ಆಗತಾನೇ ಹುಟ್ಟಿದ ಮರಿಯನ್ನೂ ಬರೆಯಿರಿ. ಅದರ ಉದ್ದವೇ ಸುಮಾರು 7 ಮೀಟರ್. ಇಡೀ ಶಾಲೆಯ ಮಕ್ಕಳನ್ನು ಆ ಗೆರೆಯೊಳಗೆ ಕೂರಿಸಿ ಪಾಠ ಮಾಡಿ. ಚಿತ್ರದಲ್ಲಿಯೋ ಮೊಬೈಲ್ ಪರದೆಯಲ್ಲಿಯೋ ಅಂಗೈಯಗಲ ಕಾಣುವ ಪ್ರಾಣಿಯ ಅಳತೆ ಆಗ ಅವರ ಕಾಲಿಗೇ ತಿಳಿಯುತ್ತದೆ.

ಪ್ರಶ್ನೆ: ಡಾಲ್ಫಿನ್‌ಗಳ ಆಟವನ್ನು ತೋರಿಸುವ ಕೇಂದ್ರ ನಮ್ಮ ದೇಶದಲ್ಲಿ ಎಲ್ಲಿದೆ?
(ಓದುಗರು, ಮಾನ್ವಿ)

ಉತ್ತರ: ಎಲ್ಲಿಯೂ ಇಲ್ಲ, ಇರಬಾರದು ಕೂಡ. ಬುದ್ಧಿವಂತಿಕೆ ಮತ್ತು ಸೂಕ್ಷ್ಮ ಸಂವೇದನೆಯುಳ್ಳ ಈ ಪ್ರಾಣಿಗಳನ್ನು ಕೂಡಿಹಾಕಿ ಪ್ರದರ್ಶಿಸುವುದು ಸರಿಯಲ್ಲವೆಂದು ಕೇಂದ್ರ ಸರ್ಕಾರವು 2013ರಲ್ಲಿ ಅಂಥ ಕೇಂದ್ರಗಳಿಗೆ ಅನುಮತಿ ನೀಡದಂತೆ ರಾಜ್ಯಗಳಿಗೆ ಸೂಚಿಸಿತು. ಕಾರವಾರದ ಬಳಿ ಕಾಳಿ ನದಿ ಕಡಲು ಸೇರುವ ಕಡೆ ಸ್ವತಂತ್ರವಾಗಿ ಈಜುವ ಡಾಲ್ಫಿನ್‌ಗಳು ಕಾಣಸಿಗುತ್ತವೆ. ದೋಣಿಯವರಿಗೆ ಅವುಗಳ ಬೆನ್ನಟ್ಟಬೇಡಿರೆಂದು ಹೇಳಿ, ದೂರದಿಂದ ನೋಡಿ ಬನ್ನಿ.

ಪ್ರಶ್ನೆ: "ತಿಮಿಂಗಿಲದ ವಾಂತಿ" ಎಂದು ಹೇಳಿ ಮೇಣದಂಥ ಗಟ್ಟಿಯನ್ನು ಕೋಟಿಗಟ್ಟಲೆ ಬೆಲೆಗೆ ಮಾರುತ್ತಾರಂತೆ. ಪರಿಚಯದವರೊಬ್ಬರು ಅದರಲ್ಲಿ ಹಣ ಹಾಕಲು ಕರೆಯುತ್ತಿದ್ದಾರೆ. ಏನು ಮಾಡಲಿ?
(ವ್ಯಾಪಾರಿ, ಗಂಗಾವತಿ, ಕೊಪ್ಪಳ ಜಿಲ್ಲೆ)

ಉತ್ತರ: ದೂರವಿರಿ. ಅಂಬರ್‌ಗ್ರಿಸ್ ಎಂಬ ಆ ವಸ್ತುವು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಅದು ತಿಂದ ಕಡಲ ಮೃದ್ವಂಗಿಗಳ ಗಟ್ಟಿ ಕೊಕ್ಕುಗಳ ಸುತ್ತ ಉಂಟಾಗುವಂಥದ್ದು, ಸುಗಂಧ ದ್ರವ್ಯಕ್ಕೆ ಬಳಕೆಯಾಗುತ್ತಿತ್ತು. ಸ್ಪರ್ಮ್ ತಿಮಿಂಗಿಲ ನಮ್ಮ ಕಾನೂನಿನಡಿ ಸಂರಕ್ಷಿತ ಪ್ರಾಣಿಯಾದ್ದರಿಂದ ಭಾರತದಲ್ಲಿ ಅಂಬರ್‌ಗ್ರಿಸ್ ಇಟ್ಟುಕೊಳ್ಳುವುದಾಗಲಿ ಮಾರುವುದಾಗಲಿ ಶಿಕ್ಷಾರ್ಹ. ಕರ್ನಾಟಕದಲ್ಲಿಯೂ ಪೊಲೀಸರು ಇಂಥ ಪ್ರಕರಣಗಳಲ್ಲಿ ಜನರನ್ನು ಬಂಧಿಸಿದ್ದಾರೆ. ನಿಮಗೆ ತೋರಿಸುವ ಗಟ್ಟಿ ನಕಲಿಯಾದರೆ ಹಣ ಹೋಗುತ್ತದೆ, ಅಸಲಿಯಾದರೆ ಜೈಲಿಗೆ ಹೋಗುತ್ತೀರಿ. ಆ ಪರಿಚಯದವರಿಗೂ ಇದನ್ನು ತಿಳಿಸಿ.

ಪ್ರಶ್ನೆ: ನಮ್ಮ ತುಂಗಭದ್ರೆಯಲ್ಲಿರುವ ನೀರುನಾಯಿಗೂ ತಿಮಿಂಗಿಲಕ್ಕೂ ಸಂಬಂಧವಿದೆಯೇ? ಎರಡೂ ಹಾಲೂಡಿಸುವ, ನೀರಿನಲ್ಲಿ ಬದುಕುವ ಪ್ರಾಣಿಗಳಲ್ಲವೇ?
(ಪಿಯುಸಿ ವಿದ್ಯಾರ್ಥಿನಿ, ಕಂಪ್ಲಿ, ಬಳ್ಳಾರಿ ಜಿಲ್ಲೆ)

ಉತ್ತರ: ಹತ್ತಿರದ ಸಂಬಂಧವಿಲ್ಲ ಮಗಳೇ. ನೀರುನಾಯಿ ಮಾಂಸಾಹಾರಿ ಪ್ರಾಣಿಗಳ ಗುಂಪಿಗೆ, ತಿಮಿಂಗಿಲವು ಹಸು, ಜಿಂಕೆ, ನೀರಾನೆಗಳಿರುವ ಸಮಗೊರಸಿನ ಪ್ರಾಣಿಗಳ ಗುಂಪಿಗೆ ಸೇರಿವೆ. ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತ್ಯಂತ ಹತ್ತಿರದ ನೆಂಟ ನೀರಾನೆ. ಆದರೂ ನೀನು ಕೇಳಿದ ಪ್ರಶ್ನೆ ಒಳ್ಳೆಯದು, ಏಕೆಂದರೆ ನೆಲದ ಪ್ರಾಣಿಯೊಂದು ನೀರಿಗೆ ಒಗ್ಗಿಕೊಳ್ಳುವಾಗ ದೇಹ ಹೇಗೆ ಬದಲಾಗಬಹುದೆಂದು ತಿಳಿಯಲು ವಿಜ್ಞಾನಿಗಳೂ ನೀರುನಾಯಿಗಳ ಈಜನ್ನು ಅಭ್ಯಸಿಸಿದ್ದಾರೆ. ನೀರುನಾಯಿ ಈಜುವಾಗ ಬೆನ್ನು ಮತ್ತು ಬಾಲವನ್ನು ಮೇಲೆ ಕೆಳಗೆ ಬಾಗಿಸುವುದನ್ನು ಗಮನಿಸು. ತಿಮಿಂಗಿಲ ಬಾಲ ಬಡಿಯುವುದೂ ಹಾಗೆಯೇ, ಮೀನಿನಂತೆ ಅಕ್ಕಪಕ್ಕಕ್ಕಲ್ಲ.

ನಿಮ್ಮ ಊರಿನ ಭಾಗ್ಯವೆಂದರೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಚೆನ್ನೈಗೆ ಹೋಗುವ ಮೊದಲು ಮನೆಯವರೊಡನೆ ಬೆಳಗಿನ ಹೊತ್ತು ಹೊಳೆದಂಡೆಗೆ ಹೋಗಿ, ಸದ್ದು ಮಾಡದೆ ದೂರದಲ್ಲಿ ಕುಳಿತು, ಈ ಈಜನ್ನು ನೋಡಿ ಬರೆದಿಟ್ಟುಕೊ. ಚೆನ್ನೈಯ ಅಸ್ಥಿಪಂಜರದ ಎದುರು ನಿಂತಾಗ ಆ ಟಿಪ್ಪಣಿ ಕೈಯಲ್ಲಿರಲಿ. ಬಾಲದ ಮಣಿಮೂಳೆಗಳು ಯಾವ ದಿಕ್ಕಿಗೆ ಬಾಗುವಂತೆ ಜೋಡಣೆಯಾಗಿವೆ ಎಂಬುದನ್ನು ಅದರೊಂದಿಗೆ ಹೋಲಿಸಿ ನೋಡಿ, ಕಂಡದ್ದನ್ನು ನಮಗೂ ಬರೆದು ಕಳುಹಿಸು.